ಗಂಟಲಲ್ಲೇ ಉಳಿದ ಕೆಮ್ಮು

ಯಾವ ದ್ವೀಪ ಅಂತ ಕೇಳಬೇಡಿ. ಆಗಲೇ ಯಾರಿಗೂ ಹೇಳಿರಲಿಲ್ಲ, ಈಗ್ಯಾಕೆ? ಕೊರೊನಾಕ್ಕೆ ಹೆದರಿ ಲೋಕವೇ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ. ಗಡಿ ಒಂದು ಗೇಣು ತೆರೆದದ್ದೇ ತಡ, ಕಡಲು ನೋಡಲು ಓಡಿದವರು ನಾವು. ಐದು ದಿನ ನೀರಲ್ಲೇ ಬಿದ್ದುಕೊಂಡಿದ್ದೆವು. ರಾಶಿ ಫೋಟೊ ತೆಗೆದೆವು, ಒಂದನ್ನೂ ಯಾರಿಗೂ ಕಳಿಸಲಿಲ್ಲ. ಜನ ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕುತ್ತಿರುವಾಗ ಅಲೆಯ ಫೋಟೊ ಹಾಕಲು ಯಾವ ಮುಖ ಇದೆ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ನಾವು ಮೂಗು, ಬಾಯಿ ಮುಚ್ಚಿಕೊಂಡಿದ್ದೆವು, ಅಷ್ಟೇ ವ್ಯತ್ಯಾಸ. ಬಿಸಿಲಿಗೆ ಕಪ್ಪಾದ ಮುಖವನ್ನೂ ಅರ್ಧಕ್ಕೆ ಅರ್ಧ ಮಾಸ್ಕೇ ಮುಚ್ಚಿತು.

ದ್ವೀಪಕ್ಕೆ ಬಾಗಿಲು ಹಾಕುವುದು ಸುಲಭ. ಸುತ್ತ ನೀರೇ ಬೇಲಿ. ನ್ಯೂಜಿಲೆಂಡ್ 2020ರ ಮಾರ್ಚ್‌ನಲ್ಲೇ ಹೊರಗಿನವರಿಗೆ ಬರಬೇಡಿ ಅಂದಿತು. ಈಸ್ಟರ್ ದ್ವೀಪವಂತೂ ಎರಡು ವರ್ಷಕ್ಕೂ ಜಾಸ್ತಿ ಕಾಲ ಪ್ರವಾಸಿಗಳನ್ನು ಒಳಗೆ ಬಿಡಲಿಲ್ಲ. ಅಲ್ಲಿನ ಆ ದೊಡ್ಡ ಕಲ್ಲಿನ ಮುಖಗಳು ಅಷ್ಟೂ ಕಾಲ ಮಾಸ್ಕಿಲ್ಲದೆ ಹಾಯಾಗಿದ್ದಿರಬೇಕು. ಆದರೆ ಪ್ರವಾಸಿಗಳಿಂದಲೇ ಹೊಟ್ಟೆ ಹೊರೆಯುವ ದ್ವೀಪಗಳು ಎಷ್ಟು ದಿನ ಅಂತ ಬಾಗಿಲು ಹಾಕಿಕೊಂಡಾವು? ಮಾಲ್ದೀವ್ಸ್ ಅದೇ ವರ್ಷ ಜುಲೈ 15ಕ್ಕೆ ಬನ್ನಿ ಅಂದುಬಿಟ್ಟಿತು. ಕರೆದರು, ಹೋದೆವು ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಹೋಗುವುದೇನೋ ಹೋದೆವು. ವಾಪಸ್ ಬರುವುದಕ್ಕೆ ಒಂದು ಚೀಟಿ ಬೇಕಿತ್ತು. ವಿಮಾನ ಹತ್ತುವ ಮೊದಲಿನ 72 ಗಂಟೆಯೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್, ಅದರಲ್ಲಿ ನೆಗೆಟಿವ್. ಬದುಕಿಡೀ ಪಾಸಿಟಿವ್ ಆಗಿರು ಅಂತ ಬುದ್ಧಿ ಹೇಳಿಸಿಕೊಂಡವನು ಆ ರಾತ್ರಿ ನೆಗೆಟಿವ್ ಆಗಲಪ್ಪ ಅಂತ ಬೇಡಿಕೊಂಡೆ. ಮೈಯೆಲ್ಲ ಮುಚ್ಚಿಕೊಂಡಿದ್ದ ಒಬ್ಬರು ಬಂದು ಮೂಗಿನೊಳಗೆ ಕಡ್ಡಿ ಹಾಕಿ, ಮೆದುಳನ್ನು ಒಮ್ಮೆ ಮುಟ್ಟಿ ಮಾತಾಡಿಸಿಕೊಂಡು ಹೋದರು. ಅಲ್ಲಿಯವರೆಗೆ ದಿನಾ ಸಂಜೆ ಸೂರ್ಯ ಮುಳುಗುವಾಗ ಹೆಂಡತಿ ಒಂದೇ ಮಾತು ಹೇಳುತ್ತಿದ್ದಳು: "ಇನ್ನೊಂದು ವಾರ ಇಲ್ಲೇ ಇದ್ದುಬಿಡಬೇಕು ಅನ್ನಿಸುತ್ತೆ." ಪಾಸಿಟಿವ್ ಬಂದರೆ ಒಂದಲ್ಲ, ಎರಡು ವಾರ ಕೊಡುತ್ತಾರೆ, ಅದೂ ಕಿಟಕಿ ಹಾಕಿದ ಕೋಣೆಯಲ್ಲಿ ಅಂತ ಗೊತ್ತಾದ ಮೇಲೆ ಅವಳು ಸೂರ್ಯನ ಕಡೆ ತಿರುಗಿಯೂ ನೋಡಲಿಲ್ಲ.

ಹಿಂದಿನವರು ಈ ವಿಷಯದಲ್ಲಿ ಜಾಣರು. ಕ್ರೊಯೇಷಿಯಾದಲ್ಲಿ ಈಗ ಡುಬ್ರೋವ್ನಿಕ್ ಅನ್ನುವ ಊರು ಆಗ ರಗುಸಾ. ಪ್ಲೇಗ್ ಇರುವ ಕಡೆಯಿಂದ ಬಂದವರು ಒಂದು ತಿಂಗಳು ಹೊರಗೇ ಇರಬೇಕು ಅಂತ 1377ರಲ್ಲಿ ಅಲ್ಲಿ ಕಾನೂನು ಬಂತು. ಇರಲು ಕೊಟ್ಟ ಜಾಗಗಳಲ್ಲಿ ಒಂದು, ಹತ್ತಿರದ ಸಣ್ಣ ದ್ವೀಪ. ಆಮೇಲೆ ಮೂವತ್ತು ದಿನ ನಲವತ್ತಾಯಿತು. ವೆನಿಸ್‌ನವರ ಮಾತಿನಲ್ಲಿ ನಲವತ್ತು ಅನ್ನುವುದರಿಂದಲೇ ಕ್ವಾರಂಟೈನ್ ಅನ್ನುವ ಪದ ಹುಟ್ಟಿತು. ಅವರೂ 1423ರಲ್ಲಿ ರೋಗಿಗಳಿಗೆ ಅಂತ ಒಂದು ದ್ವೀಪವನ್ನೇ ಎತ್ತಿಟ್ಟರು. ಅಂದರೆ ಮೊದಲು ದ್ವೀಪದಲ್ಲಿ ಕ್ವಾರಂಟೈನ್, ಆಮೇಲೆ ಊರಲ್ಲಿ ಮಜಾ. ನಾವು ಅದನ್ನು ತಿರುಗಾಮುರುಗಾ ಮಾಡಿದ್ದೆವು. ಮಜಾ ದ್ವೀಪದಲ್ಲಿ ಮುಗಿಸಿ, ಕ್ವಾರಂಟೈನಿಗೆ ಮನೆಗೆ ಹೊರಟಿದ್ದೆವು.

ವಿಮಾನ ತುಂಬಿತ್ತು. ನಡುವಿನ ಸೀಟು ಖಾಲಿ ಇರುತ್ತದೆ ಅಂತ ಯಾರೋ ಹೇಳಿದ್ದರು. ನನ್ನ ಪಕ್ಕದ ಆ ಖಾಲಿ ಸೀಟಿನಲ್ಲಿ ಒಬ್ಬರು ದಪ್ಪನೆಯ ಹಿರಿಯರು ಕೂತಿದ್ದರು. ಗಗನಸಖಿ ಸುರಕ್ಷತೆಯ ಪಾಠ ಶುರುಮಾಡಿದಳು. ಆಮ್ಲಜನಕದ ಮಾಸ್ಕ್ ಕೆಳಗಿಳಿದರೆ ಮೊದಲು ನಿಮ್ಮ ಮಾಸ್ಕ್ ತೆಗೆಯಿರಿ, ಆಮೇಲೆ ಇದನ್ನು ಹಾಕಿಕೊಳ್ಳಿ ಅಂದಳು. ವಿಮಾನ ಬೀಳುವ ಹೊತ್ತಲ್ಲೂ ಕೆಲವರು ಒಂದರ ಮೇಲೊಂದು ಹಾಕಿಕೊಂಡಾರು ಅನ್ನುವ ಅನುಮಾನ ಇರಬೇಕು. ಅದು ಸುಳ್ಳೂ ಅಲ್ಲ. ನನ್ನ ಮುಖದ ಮೇಲೆ ಆಗಲೇ ಎರಡಿದ್ದವು.

ಹೊರಟು ಒಂದು ಗಂಟೆಯಾಗಿರಬಹುದು. ಗಂಟಲಲ್ಲಿ ಏನೋ ಹರಿದಾಡಿತು.

ಕೆಮ್ಮು.

ನಿಜವಾದ ಕೆಮ್ಮಲ್ಲ, ಕೆಮ್ಮಿನ ಮುನ್ಸೂಚನೆ. ವಿಮಾನದೊಳಗಿನ ಗಾಳಿ ತುಂಬಾ ಒಣ, ತೇವ ಶೇಕಡ 20 ಕೂಡ ಇರುವುದಿಲ್ಲ. ಯಾರ ಗಂಟಲಾದರೂ ಕೆರೆಯುವುದೇ. ಆ ಗಾಳಿ ಎರಡು ಮೂರು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಗಾಳಿ ಸೋಸುವ ಹೆಪಾ ಫಿಲ್ಟರ್ ಅತಿ ಸಣ್ಣ ಕಣಗಳಲ್ಲೂ ಶೇಕಡ 99.97ರಷ್ಟನ್ನು ಹಿಡಿದುಹಾಕುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಹೊರಡುವ ಮೊದಲು ಓದಿ, ಹೆಂಡತಿಗೆ ಧೈರ್ಯ ಹೇಳಿದ್ದವನೇ ನಾನು. ಆದರೆ ಕೆಮ್ಮಿಗೆ ಓದು ಬರುವುದಿಲ್ಲವಲ್ಲ! ತಡೆದಷ್ಟೂ ಏರಿತು. ಉಗುಳು ನುಂಗಿದೆ. ಕಣ್ಣಲ್ಲಿ ನೀರು ಬಂತು. ನೀರು ಕುಡಿಯೋಣ ಎಂದರೆ ಎರಡು ಮಾಸ್ಕ್ ಇಳಿಸಬೇಕು, ಇಳಿಸಿದ ಗಳಿಗೆಯಲ್ಲೇ ಕೆಮ್ಮು ಬಂದರೆ? ಪಕ್ಕದ ಹಿರಿಯರು ನನ್ನನ್ನು ಒಮ್ಮೆ ನೋಡಿದರು. ಮಾಸ್ಕಿನ ಮೇಲಿನ ಎರಡು ಕಣ್ಣು ಎಷ್ಟು ಮಾತಾಡಬಲ್ಲವು ಅಂತ ಆವತ್ತು ತಿಳಿಯಿತು.

ಇದರ ಜೊತೆಗೆ ಊಟ ಬಂತು. ಒಂದು ತುತ್ತು ಬಾಯಿಗಿಟ್ಟರೆ ರುಚಿಯೇ ಇಲ್ಲ. ವಿಮಾನದಲ್ಲಿ ನಾಲಿಗೆ, ಮೂಗು ಎರಡೂ ಮಂದವಾಗುತ್ತವೆ, ಹಳೇ ಕಥೆ ಅದು. ಆದರೆ ಆ ಕಾಲದಲ್ಲಿ ರುಚಿ ಹೋಯಿತು ಅಂದರೆ ಕಾಯಿಲೆ ಬಂತು ಅಂತಲೇ ಅರ್ಥ. ಮೆಲ್ಲಗೆ ಸ್ಯಾನಿಟೈಸರ್ ತೆಗೆದು ಮೂಸಿದೆ. ಘಾಟು ಹೊಡೆಯಿತು. ಆಹಾ! ಅಷ್ಟು ಇಷ್ಟಪಟ್ಟು ನಾನು ಯಾವ ಹೂವನ್ನೂ ಮೂಸಿಲ್ಲ. ಪಕ್ಕಕ್ಕೆ ತಿರುಗಿದರೆ ಹಿರಿಯರೂ ಅವರ ಬಾಟಲಿಯನ್ನು ಮೂಗಿಗೆ ಹಿಡಿದಿದ್ದರು. ಇಬ್ಬರೂ ಸುಮ್ನೆ ಬೇರೆ ಕಡೆ ನೋಡಿದೆವು.

ಇಳಿದ ಮೇಲೆ ಒಂದು ಪವಾಡ ನಡೆಯಿತು. ಚಕ್ರ ನೆಲ ಮುಟ್ಟಿದರೂ ಯಾರೂ ಎದ್ದು ನಿಲ್ಲಲಿಲ್ಲ. ಸಾಲು ಸಾಲಾಗಿ ಕರೆದರು, ಕರೆದವರಷ್ಟೇ ಎದ್ದರು. ಅದೊಂದು ರೂಢಿ ಹಾಗೇ ಉಳಿಯಬಾರದಿತ್ತೇ ಅಂತ ಇವತ್ತಿಗೂ ಅನ್ನಿಸುತ್ತದೆ.

ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಳು. ದೂರದಿಂದಲೇ ಕೈ ಬೀಸಿದಳು. ನಾವು ನೇರ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆವು. ಏಳು ದಿನ ಅಲ್ಲೇ ವಾಸ. ಎರಡೂ ಮಾಸ್ಕ್ ಕಿತ್ತು ಎಸೆದು ಮಂಚದ ಮೇಲೆ ಕೂತು, ಮನಸಾರೆ ಕೆಮ್ಮೋಣ ಅಂತ ಗಂಟಲು ಸರಿಮಾಡಿಕೊಂಡೆ. ಬರಲೇ ಇಲ್ಲ. ಬೇಕೆಂದೇ ಒಂದೆರಡು ಸಲ ಪ್ರಯತ್ನಿಸಿದೆ. ಹೊರಗಿನಿಂದ ಅಮ್ಮ ಗಾಬರಿಯಾಗಿ, "ಏನೋ ಅದು?" ಅಂದಳು. ನಿಲ್ಲಿಸಿದೆ.

ಹೆಂಡತಿ ಚೀಲ ಬಿಚ್ಚಿದಳು. ಚಪ್ಪಲಿಯಿಂದ, ಟವೆಲ್ಲಿನ ಮಡಿಕೆಯಿಂದ ಮರಳು ಸುರಿಯಿತು. ನೆಲದ ಮೇಲೆ ಒಂದು ಬೊಗಸೆಯಷ್ಟು ದ್ವೀಪ. ಗುಡಿಸೋಣ ಎಂದರೆ ಪೊರಕೆ ಬಾಗಿಲಿನ ಆಚೆ ಇತ್ತು.