ಗೋಕರ್ಣ ರೋಡ್ ಸ್ಟೇಷನ್ ಬೀಚ್ ಪಕ್ಕದಲ್ಲಿಲ್ಲ

"ಗೋಕರ್ಣಕ್ಕೆ ರೈಲಲ್ಲಿ ಹೋಗಿ, ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಸಮುದ್ರ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಹೆಸರಲ್ಲಿರುವ 'ರೋಡ್' ಅದನ್ನೇ ಹೇಳುತ್ತಿದೆ: ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ ಅಂತ.

ಹಾಗಂತ ರೈಲು ಬೇಡ ಅನ್ನುತ್ತಿಲ್ಲ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಇಲ್ಲಿ ಇಳಿಯಬಹುದು. ಸ್ಟೇಷನ್ ಚಿಕ್ಕದು. ಹೊರಗೆ ಆಟೋ ಸಿಗುತ್ತದೆ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಒಬ್ಬರೇ ಇದ್ದರೆ ಸಹಪ್ರಯಾಣಿಕರ ಜೊತೆ ಹಂಚಿಕೊಳ್ಳಿ, ಸುಮ್ನೆ ಯಾಕೆ ಜಾಸ್ತಿ ಕೊಡಬೇಕು ಅಲ್ವಾ? ಊರೊಳಗೇ ಇಳಿಯಬೇಕು ಅನ್ನುವವರಿಗೆ ರಾತ್ರಿ ಬಸ್ಸೇ ವಾಸಿ. ಕುಮಟಾ, ಅಂಕೋಲಾದಿಂದಲೂ ಬಸ್ ಇದೆ.

ಇನ್ನೊಂದು ಗೊಂದಲ, ಬೀಚ್‌ಗಳೆಲ್ಲ ಒಂದೇ ಕಡೆ ಇವೆ ಅನ್ನುವುದು. ಮಹಾಬಲೇಶ್ವರ ದೇವಸ್ಥಾನದ ಹತ್ತಿರವಿರುವುದು ಊರಿನ ಬೀಚ್. ಓಂ ಬೀಚ್‌ಗೆ ಆಟೋ ಬೇಕು. ಹಾಫ್ ಮೂನ್ ಬೀಚ್‌ಗೆ ರಸ್ತೆಯೇ ಇಲ್ಲ, ಗುಡ್ಡ ಹತ್ತಿಳಿದು ಹೋಗಬೇಕು. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಆ ಕಲ್ಲುದಾರಿ ಹಿಡಿದರೆ ಚಕ್ರ ಅಲ್ಲೇ ಉಳಿಯುತ್ತದೆ. ಬೆನ್ನಿಗೆ ಹಾಕುವ ಬ್ಯಾಗೇ ಒಯ್ಯಿರಿ.