ಸತ್ಯಾಂಶ: ಲಿನಕ್ಸ್‌ನಲ್ಲಿ ಆ್ಯಪ್ ಹಾಕಲು ಕಮಾಂಡ್ ಕಲಿಯಲೇಬೇಕಾ?

"ಲಿನಕ್ಸ್ ಹಾಕಿಸಿದರೆ ಒಂದು ಸಣ್ಣ ಆ್ಯಪ್‌ಗೂ ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟಬೇಕು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಲಿನಕ್ಸ್ ಅಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ವ್ಯವಸ್ಥೆ. ಈ ಸಂದೇಶ ತಪ್ಪು.

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 2009ರಲ್ಲೇ ಆ್ಯಪ್ ಹುಡುಕಿ ಹಾಕಿಕೊಳ್ಳುವ ಸಾಫ್ಟ್‌ವೇರ್ ಸೆಂಟರ್ ಕೊಟ್ಟಿತ್ತು. ವಿಂಡೋಸ್‌ಗೆ ಸ್ಟೋರ್ ಬಂದದ್ದು 2012ರಲ್ಲಿ! ಇಂದು ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು, ವಿಎಲ್‌ಸಿ (ವಿಡಿಯೋ ಪ್ಲೇಯರ್) ಎಂದು ಹುಡುಕಿ, ಇನ್‌ಸ್ಟಾಲ್ ಒತ್ತಿ, ಪಾಸ್‌ವರ್ಡ್ ಕೊಟ್ಟರೆ ಆಯ್ತು. ಫೋನಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಲಿನಕ್ಸ್‌ನ ಡೆಸ್ಕ್‌ಟಾಪ್‌ನಲ್ಲೂ (ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳ ವಿನ್ಯಾಸ) ಬಗೆಗಳಿವೆ: ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಇದೇ ಕೆಲಸಕ್ಕೆ ಡಿಸ್ಕವರ್ ಇದೆ, ಗ್ನೋಮ್‌ಗೆ 'ಸಾಫ್ಟ್‌ವೇರ್' ಇದೆ.

ಗೊಂದಲ ಇರುವುದು ಬೇರೆ ಕಡೆ. ಒಂದೇ ಆ್ಯಪ್ ಎರಡು ರೂಪದಲ್ಲಿ ಕಾಣಬಹುದು: ಮಿಂಟ್‌ನದೇ ಪ್ಯಾಕೇಜ್ (ಆ್ಯಪ್‌ನ ಕಟ್ಟು) ಒಂದು, ಲಿನಕ್ಸ್‌ನ ಹೆಚ್ಚಿನ ಬಗೆಗಳಲ್ಲಿ ನಡೆಯುವ ಫ್ಲಾಟ್‌ಪ್ಯಾಕ್ ಇನ್ನೊಂದು. ಫ್ಲಾಟ್‌ಪ್ಯಾಕ್ ತನಗೆ ಬೇಕಾದ ಫೈಲ್‌ಗಳನ್ನೂ ಜೊತೆಗೆ ತರುತ್ತದೆ. ಹಾಗಾಗಿ ಮೊದಲ ಸಲ ಡೌನ್‌ಲೋಡ್ ಜಾಸ್ತಿ. ಮೊಬೈಲ್ ಡೇಟಾದಲ್ಲಿದ್ದರೆ ನಾನಂತೂ ಮಿಂಟ್‌ನ ಪ್ಯಾಕೇಜನ್ನೇ ಆರಿಸುತ್ತೇನೆ. ಉಬುಂಟು ಸ್ನ್ಯಾಪ್ ಎಂಬ ಮೂರನೇ ರೂಪಕ್ಕೆ ಒತ್ತು ಕೊಡುತ್ತದೆ. ಮಿಂಟ್ ಅದನ್ನು 2020ರಿಂದ ದೂರವೇ ಇಟ್ಟಿದೆ.

ಇನ್ನು ಫೋಟೋಶಾಪ್ ಇಲ್ಲದೆ ಆಗಲ್ಲ ಅನ್ನುವವರಿಗೆ ಕಷ್ಟವೇ. ಅಡೋಬಿ ಅದನ್ನು ಲಿನಕ್ಸ್‌ಗೆ ಕೊಟ್ಟಿಲ್ಲ, ಕಮಾಂಡ್ ಗೊತ್ತಿದ್ದರೂ ಅಷ್ಟೇ.