ಲ್ಯಾಪ್‌ಟಾಪ್ ಶಾನುಭೋಗರು

ನಮ್ಮ ಆಫೀಸಿಗೆ ಹೊಸ ಶಾನುಭೋಗರು ಬಂದಿದ್ದಾರೆ. ಕಾರ್ಡಿನಲ್ಲಿ ಹಾಗೆ ಬರೆದಿಲ್ಲ, 'ಡೇಟಾ ಗವರ್ನೆನ್ಸ್ ಆರ್ಕಿಟೆಕ್ಟ್' ಅಂತಿದೆ. ಊರಿನ ಶಾನುಭೋಗರು ಜಮೀನಿನ ಲೆಕ್ಕ ಇಟ್ಟ ಹಾಗೆ, ಕಂಪನಿಯ ಡೇಟಾ ಎಲ್ಲಿಂದ ಬಂತು, ಯಾರದು ಎಂದು ಲೆಕ್ಕ ಇಡುವವರು. ಮೊದಲ ದಿನ ಸೆಕ್ಯುರಿಟಿಯವರು ಆರ್ಕಿಟೆಕ್ಟ್ ಅನ್ನೋದಷ್ಟೇ ಓದಿ, ಮೂರನೇ ಮಹಡಿಯಲ್ಲಿ ಸೋರುವ ಗೋಡೆ ತೋರಿಸಲು ಕರೆದುಕೊಂಡು ಹೋದರು. ಸಾಹೇಬರು ಗೋಡೆ ಮುಟ್ಟಿ ನೋಡಿ, "ಇದರ ಓನರ್ ಯಾರು?" ಎಂದು ಕೇಳಿದರು. ಅವತ್ತಿನಿಂದ ಎಲ್ಲದಕ್ಕೂ ಅದೇ ಪ್ರಶ್ನೆ.

1961ರ ಕಾಯ್ದೆ ನಮ್ಮಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆದುಹಾಕಿತು. ಆಮೇಲೆ 'ಭೂಮಿ' ಯೋಜನೆ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಇನ್ನು ಈ ದಫ್ತರದವರ ಕಾಟ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯಿತು? 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನು ಬಂತು. ತಪ್ಪಿದರೆ 250 ಕೋಟಿ ರೂಪಾಯಿವರೆಗೂ ದಂಡ. ಅಲ್ಲಿಯವರೆಗೆ ಗ್ರಾಹಕರ ಫೋನ್ ನಂಬರುಗಳನ್ನು ಕಡಲೆಪುರಿಯ ಹಾಗೆ ಹಂಚುತ್ತಿದ್ದ ನಮ್ಮ ಕಂಪನಿ, ಬೆಳಗಾಗುವುದರೊಳಗೆ ಸಾಹೇಬರನ್ನು ಕರೆತಂದಿತು.

ಅವರು ಮೊದಲು ಕೈಹಾಕಿದ್ದು 'ಲೀನಿಯೇಜ್'ಗೆ. ಅಂದರೆ ವಂಶವೃಕ್ಷ. ತಿಂಗಳ ರಿಪೋರ್ಟಿನ ಒಂದು ಅಂಕಿ ಎಲ್ಲಿ ಹುಟ್ಟಿತು, ಯಾರ ಮನೆಗೆ ದತ್ತು ಹೋಯಿತು ಎಂದು ಹುಡುಕಬೇಕು. ಗೋಡೆ ತುಂಬ ಬಾಣ ಬರೆದರು. ನಾಲ್ಕು ತಿಂಗಳು ಹಿಂದೆ ಹಿಂದೆ ಹೋಗುತ್ತಾ ಹೋಗುತ್ತಾ ಮೂಲಪುರುಷ ಸಿಕ್ಕಿದ: ಅಕೌಂಟ್ಸ್ ಮೇಡಂ ಡ್ರಾಯರಿನಲ್ಲಿದ್ದ ಉದ್ದನೆಯ ನೋಟ್‌ಬುಕ್. ಹಳೇ ಕ್ಯಾಲೆಂಡರಿನ ಹಾಳೆಯ ಬೈಂಡು, ಒಳಗೆ ಅರಿಶಿನದ ಕಲೆ. ಅದರಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ಕೋಟಿಗಟ್ಟಲೆ ಸುರಿದು ಕೊಂಡ ಸಾಫ್ಟ್‌ವೇರಿಗೆ. ಚಿತ್ರದಲ್ಲಿ ನೋಟ್‌ಬುಕ್ಕಿಗೆ 'ಮ್ಯಾನುವಲ್ ಸೋರ್ಸ್' ಎಂದು ಹೆಸರಿಟ್ಟರು. "ನನ್ನ ಹೆಸರು ಬರೀಬಾರದಾ ಸಾರ್?" ಎಂದು ಮೇಡಂ ಕೇಳಿದರು. ವ್ಯಕ್ತಿಗಳ ಹೆಸರು ವೈಯಕ್ತಿಕ ಡೇಟಾ, ಬರುವುದಿಲ್ಲವಂತೆ.

ನೋಟ್‌ಬುಕ್ ಅಂತ ನಗಬೇಡಿ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರ ಹಳೇ ನಮೂನೆಯ ಎಕ್ಸೆಲ್ ಫೈಲು 65,536 ಸಾಲಿಗೆ ತುಂಬಿಹೋಗಿ, ಸುಮಾರು 16 ಸಾವಿರ ಕೋವಿಡ್ ಪ್ರಕರಣ ಲೆಕ್ಕದಿಂದಲೇ ಬಿದ್ದುಹೋದವು. ನಮ್ಮ ಮೇಡಂ ನೋಟ್‌ಬುಕ್ ತುಂಬಿದರೆ ಇನ್ನೊಂದು ತರುತ್ತಾರೆ.

'ಗ್ರಾಹಕ' ಅಂದರೆ ಯಾರು ಎಂದು ತೀರ್ಮಾನಿಸಲು ಹನ್ನೊಂದು ಮೀಟಿಂಗ್ ಆದವು. ಅದನ್ನು ಬಿಡಿ, ಇನ್ನೂ ನಡೀತಿದೆ.

ನಿಜವಾದ ತಮಾಷೆ ಓನರ್‌ಗಳದ್ದು. ಪಹಣಿ ನೋಡಿದವರಿಗೆ ಗೊತ್ತು, 9ನೇ ಕಾಲಂನಲ್ಲಿ ಮಾಲೀಕ, 12ನೇ ಕಾಲಂನಲ್ಲಿ ಸಾಗುವಳಿದಾರ. ನಮ್ಮ ಡೇಟಾಕ್ಕೂ ಹಾಗೇ ಆಯಿತು. 9ನೇ ಕಾಲಂಗೆ ವೈಸ್ ಪ್ರೆಸಿಡೆಂಟ್‌ಗಳು. ಅವರಿಗೆ ಹೊಲ ಎಲ್ಲಿದೆ ಎಂದೇ ಗೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಡೇಟಾ ಕೆಟ್ಟರೆ ಏಳುವವರು 12ನೇ ಕಾಲಂನ ಹುಡುಗರು. ಅವರಿಗೆ ಫೈಲು ತೆರೆಯಲು ಅನುಮತಿ ಇಲ್ಲ. ಅನುಮತಿ ಕೊಡಬೇಕಾದ ಮಾಲೀಕರು ಕೆಲವರು ಕೆಲಸ ಬಿಟ್ಟು ಮೂರು ವರ್ಷವಾಗಿದೆ. ಊರಲ್ಲಿ ಸತ್ತವರ ಹೆಸರಿನಲ್ಲಿ ಪಹಣಿ ಇರುವುದಿಲ್ವಾ, ಥೇಟ್ ಹಾಗೆ. ಪ್ರತಿ ಸೋಮವಾರ ಅವರಿಗೆ ರಿಮೈಂಡರ್ ಹೋಗುತ್ತದೆ, ವಿಳಾಸದಾರರು ಇಲ್ಲವೆಂದು ವಾಪಸ್ ಬರುತ್ತದೆ. ರಿಮೈಂಡರ್ ಹೋಗಿದೆ ಎಂಬ ಖಾನೆಗೆ ಹಸಿರು ಬಣ್ಣ ಬೀಳುತ್ತದೆ.

ಕಳೆದ ತಿಂಗಳು ನಾನು ಊರಿಗೆ ಹೋಗಿದ್ದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಎರಡೆಕರೆ ಅವರ ಹೆಸರಲ್ಲೇ ಇದೆ, ಪೌತಿ ಖಾತೆ ಮಾಡಿಸಬೇಕಿತ್ತು. ಮರಣ ಪತ್ರ, ವಂಶವೃಕ್ಷ ಎಲ್ಲ ಹಿಡಿದು ನಾಲ್ಕು ದಿನ ನಾಡಕಚೇರಿ ಬಾಗಿಲಲ್ಲಿ ಕೂತೆ. ದೊಡ್ಡಪ್ಪನ ಇನಿಷಿಯಲ್ ಆಧಾರ್‌ನಲ್ಲಿ ಹೆಸರಿನ ಮುಂದಿದೆ, ಅರ್ಜಿಯಲ್ಲಿ ಹಿಂದಿದೆ ಎಂದು ವಾಪಸ್ ಕಳಿಸಿದರು.

ಬಂದು ಲ್ಯಾಪ್‌ಟಾಪ್ ತೆರೆದರೆ ಸಾಹೇಬರ ಮೇಲ್. ಕೆಲಸ ಬಿಟ್ಟವರ 214 ಡೇಟಾ ಟೇಬಲ್‌ಗಳು ನನ್ನ ಹೆಸರಿಗೆ ಬಂದಿವೆ. ಆಕ್ಷೇಪಣೆ ಇದ್ದರೆ ಮೂರು ದಿನದೊಳಗೆ ತಿಳಿಸಬೇಕಿತ್ತಂತೆ.